ಏಳನೆಯ ಕಲಮಿನ ಗೋಡೆ

ರೋಸ್ವಿತಾ ಅವರನ್ನೂ ಅವರ ಗಂಡ ಲೋಥಾರನನ್ನೂ ನಾನು ಮೊದಲು ಕಂಡದ್ದು ಮೇ ತಿಂಗಳ ಒಂದು ಶನಿವಾರ, ಶಾಲೆಯಿಂದ ನಿವೃತ್ತನಾದ ವರ್ಷ. ಲೈಪ್‌ಜಿಗ್ ಊರಂಚಿನ ‘ಮುಂಜಾನೆಯ ಇಬ್ಬನಿ’ ತೋಟಗಾರರ ಸಂಘದಲ್ಲಿ ಆರು ವರ್ಷ ಸರದಿ ಕಾದು ಪಡೆದ ತುಂಡು ನೆಲಕ್ಕೆ ನಾನು ಮೊದಲ ಗುದ್ದಲಿ ಹಾಕಿದ್ದೆ, ಅಷ್ಟೇ. ಬೇಲಿಯಾಚೆಯಿಂದ ಮಡಿಸುವ ಅಳತೆಗೋಲೊಂದು ಹಾವಿನಂತೆ ತಲೆಯೆತ್ತಿತು.

“ನೂರ ಇಪ್ಪತ್ತೊಂಬತ್ತು,” ಎಂದಿತು ಒಂದು ಹೆಣ್ಣುದನಿ. “ನಿಯಮದಲ್ಲಿರೋದು ನೂರ ಇಪ್ಪತ್ತೈದು. ಹೊಸ ಮೇಷ್ಟ್ರು ನೀವೇ ತಾನೆ? ನಿಮ್ಮ ಬೇಲಿಗಿಡಕ್ಕೆ ನಾಲ್ಕು ಸೆಂಟಿಮೀಟರ್ ಸೊಕ್ಕು ಬಂದಿದೆ.”

ನಾನು ಗುದ್ದಲಿ ಕೆಳಗಿಡುವಷ್ಟರಲ್ಲೇ ಅವರ ಪೇರ್ ಮರದ ಎಲೆಗಳ ನಡುವಿನಿಂದ ಇನ್ನೊಂದು ದನಿ ಇಳಿಯಿತು. “ರೋಸಿ, ಅವರಿಗೆ ಮೊದಲು ಕಾಫಿ ಕೊಡು. ಆಮೇಲೆ ನೋಟೀಸು ಕೊಡು!”

ಮರದ ಮೇಲೆ ಹಲ್ಲಿನಲ್ಲಿ ಇಕ್ಕಳ ಕಚ್ಚಿಕೊಂಡು, ಕೊಂಬೆಗೆ ತಂತಿ ಬಿಗಿಯುತ್ತಿದ್ದ ದಪ್ಪನೆಯ ಮನುಷ್ಯನೇ ಲೋಥಾರ್ ಬ್ರೆಟ್‌ಶ್ನೈಡರ್. (ನನ್ನ ವಾರಿಗೆಯವನು, ಆದ್ದರಿಂದ ಏಕವಚನ. ರೋಸ್ವಿತಾ ಅವರೂ ನನ್ನ ವಾರಿಗೆಯವರೇ. ಆದರೆ ಅವರು ಸಂಘದ ಉಪಾಧ್ಯಕ್ಷೆ. ಬಹುವಚನ ಬಿಡುವ ಧೈರ್ಯ ನನಗಿಲ್ಲ.)

ಲೋಥಾರ್ ನಲವತ್ತು ವರ್ಷ ಟೆಲಿಫೋನ್ ವಿನಿಮಯ ಕೇಂದ್ರದಲ್ಲಿ ದುಡಿದವನು. ಊರಿನವರ ಮಾತನ್ನೆಲ್ಲ ಇಲ್ಲಿಂದ ಅಲ್ಲಿಗೆ ದಾಟಿಸಿ ದಾಟಿಸಿ, ತನ್ನ ಪಾಲಿನ ಮಾತನ್ನೆಲ್ಲ ಹೊಟ್ಟೆಯಲ್ಲಿ ಕೂಡಿಟ್ಟುಕೊಂಡಿದ್ದನೆಂದು ತೋರುತ್ತದೆ. ಅದನ್ನು ಹೊರಹಾಕಲು, ಪರೀಕ್ಷೆ ಬರೆದು ಲೈಸೆನ್ಸ್ ಪಡೆದು, ಹವ್ಯಾಸಿಗಳು ಪರಸ್ಪರ ಮಾತಾಡುವ ಹ್ಯಾಮ್ ರೇಡಿಯೋ ಹಿಡಿದ. ಮನೆಯಿದ್ದ ಕಟ್ಟಡದ ಮೇಲೆ ಆಂಟೆನಾ ತಂತಿ ಕಟ್ಟಲು ವಸತಿ ಸಂಘ ಒಪ್ಪಲಿಲ್ಲ. ಹಾಗಾಗಿ ರೇಡಿಯೋ ತೋಟದ ಮರದ ಗುಡಿಸಲಿಗೆ ಬಂತು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವನು ಸೈಕಲ್ ತುಳಿದು ಬಂದು, ಮೈಕಿನ ಮುಂದೆ ಕೂತು, ಸಾಕ್ಸನಿಯ ಏಳು ಮಂದಿ ಮುದುಕರ ಬಳಗವನ್ನು ಮುನ್ನಡೆಸುತ್ತಿದ್ದ. ಹಾಜರಿ ಕೂಗುವುದು, ಹವಾಮಾನ ಸಾರುವುದು, ಯಾರು ಯಾವಾಗ ಮಾತಾಡಬೇಕೆಂದು ಅಪ್ಪಣೆ ಕೊಡುವುದು, ಎಲ್ಲವೂ ಅವನದೇ. ಮೂವತ್ತೊಂದು ವರ್ಷದ ಸಾಮ್ರಾಜ್ಯ ಅದು.

ಸಾಮ್ರಾಜ್ಯಕ್ಕೊಂದು ಸಂವಿಧಾನವೂ ಇತ್ತು. ಬರೆದವನು ಲೋಥಾರನೇ. ‘ಮುಂದಾಳಿನ ದನಿ ಸತತ ಮೂರು ಭಾನುವಾರ ಗಾಳಿಯಲ್ಲಿ ಕೇಳಿಸದಿದ್ದರೆ ಬಳಗವು ಹೊಸ ಮುಂದಾಳನ್ನು ಆರಿಸತಕ್ಕದ್ದು.’ ತನಗಿಂತ ಹಿಂದಿನ ಮುಂದಾಳು ಗಂಟಲು ಕೆಟ್ಟು ಮಲಗಿದ್ದಾಗ ಅವನನ್ನು ಇಳಿಸುವುದಕ್ಕೆ ಹೊಸೆದ ನಿಯಮ. ಈಗ ಕೆಮ್ನಿಟ್ಸ್ ಊರಿನ ವೋಲ್ಫ್ರಾಮ್ ಹೇನೆಲ್ ಎಂಬಾತ ಅದೇ ನಿಯಮದ ಮೇಲೆ ಇಪ್ಪತ್ತು ವರ್ಷದಿಂದ ಕಣ್ಣಿಟ್ಟು ಕೂತಿದ್ದ.

ಹೀಗಿರುವಾಗ ಲೋಥಾರನ ಬಲಗಾಲಿನ ಮೊಣಕಾಲು ಕೈಕೊಟ್ಟಿತು.

ಗುರುವಾರ ಶಸ್ತ್ರಚಿಕಿತ್ಸೆ. ಮೊದಲ ಭಾನುವಾರ ಆಸ್ಪತ್ರೆಯ ಮಂಚದ ಮೇಲೆಯೇ ಕಳೆಯಿತು: ಒಂದು ಗೈರುಹಾಜರಿ. ಬುಧವಾರ ಮನೆಗೆ ಕಳಿಸುವಾಗ ವೈದ್ಯೆ, “ಆರು ವಾರ ಸೈಕಲ್ ಇಲ್ಲ. ನಾಲ್ಕು ಮಹಡಿ ಇಳಿಯೋದೂ ಇಲ್ಲ,” ಎಂದು ಬರೆದೇ ಕೊಟ್ಟರು. ತೋಟ ನಾಲ್ಕು ಕಿಲೋಮೀಟರ್ ದೂರ. ಲೋಥಾರ್ ಬೆರಳು ಮಡಿಸಿ ಎಣಿಸಿದ. ಇನ್ನೆರಡು ಭಾನುವಾರ, ಆಮೇಲೆ ಹೇನೆಲ್.

“ಅದಕ್ಕೇನಂತೆ, ಅವರಿಗೆ ಫೋನ್ ಮಾಡಿ ಹೇಳು, ಕಾಲು ಸರಿಯಿಲ್ಲ ಅಂತ,” ಎಂದರು ರೋಸ್ವಿತಾ.

“ನಿಯಮದಲ್ಲಿ ‘ಗಾಳಿಯಲ್ಲಿ’ ಅಂತಿದೆ ರೋಸಿ. ಫೋನ್ ಗಾಳಿಯಲ್ಲ.”

“ಬರೆದೋನು ಯಾರು?”

“ನಾನೇ. ಅದಕ್ಕೇ ಮುರಿಯೋಕ್ಕಾಗಲ್ಲ.”

ಆಗಲೇ ಅವನಿಗೆ ಆ ದಿವ್ಯವಾದ ಯೋಚನೆ ಹೊಳೆದದ್ದು. ಗುಡಿಸಲಿನಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು, ಮನೆಯಲ್ಲಿ ಇನ್ನೊಂದು. ಎರಡರಲ್ಲೂ ದನಿ ಸಾಗಿಸುವ ಒಂದೇ ತಂತ್ರಾಂಶ ಹಾಕಿದರಾಯಿತು. ಗುಡಿಸಲಿನ ರೇಡಿಯೋದಲ್ಲಿ ಕೇಳುವುದು ಅಡುಗೆಮನೆಗೆ ಬರುತ್ತದೆ. ಅಡುಗೆಮನೆಯಲ್ಲಿ ಆಡಿದ್ದು ಗುಡಿಸಲಿನ ರೇಡಿಯೋದಿಂದ ಆಕಾಶಕ್ಕೇರುತ್ತದೆ. ಜೊತೆಗೆ ಗುಡಿಸಲಿನಲ್ಲೊಂದು ಧ್ವನಿವರ್ಧಕ ಇಟ್ಟರೆ, ತೋಟದಲ್ಲಿರುವ ಹೆಂಡತಿಗೆ ನಾಲ್ಕನೆಯ ಮಹಡಿಯಿಂದಲೇ ಸಲಹೆ ಕೊಡಬಹುದು. (ಈ ಕೊನೆಯ ಸೌಲಭ್ಯವನ್ನು ಯಾರೂ ಕೇಳಿರಲಿಲ್ಲ.)

ರೋಸ್ವಿತಾ ಅವರು ತಂತಿಗಳನ್ನು ಸೈಕಲ್ ಬುಟ್ಟಿಯಲ್ಲಿ ಹೊತ್ತು ಹೋಗಿ, ಗಂಡ ಬರೆದುಕೊಟ್ಟ ಹದಿನೆಂಟು ಅಂಶಗಳ ಪಟ್ಟಿಯಂತೆ ಎಲ್ಲ ಜೋಡಿಸಿದರು. ಆದರೂ ಪಿಟ್ಟೆನ್ನಲಿಲ್ಲ.

“ಎರಡೂ ಕಡೆ ಫೈರ್‌ವಾಲ್,” ಎಂದ ಲೋಥಾರ್, ರೋಗ ಪತ್ತೆ ಹಚ್ಚಿದ ವೈದ್ಯನ ಸಂತೋಷದಿಂದ. “ಇಲ್ಲಿ ವಸತಿ ಸಂಘದ್ದು, ಅಲ್ಲಿ ಮೊಬೈಲ್ ಕಂಪನಿಯದ್ದು. ಗೋಡೆ, ಗೋಡೆಗೊಬ್ಬ ಕಾವಲುಗಾರ. ಒಳಗಿನವರು ಹೊರಗೆ ಹೋಗಬಹುದು. ಆದರೆ ಹೊರಗಿನ ಅಪರಿಚಿತ ಒಳಗೆ ಬರೋ ಹಾಗಿಲ್ಲ. ನಾವಿಬ್ಬರೂ ಒಳಗೇ ಕೂತರೆ ಬಾಗಿಲು ತಟ್ಟೋರು ಯಾರು?”

“ಯಾರು?”

“ಅದಕ್ಕೇ ಹೊರಗಡೆ ಬಯಲಲ್ಲಿ ಒಂದು ಸರ್ವರ್ ಬೇಕು. ಅದು ಮೊದಲು, ‘ನಿನ್ನ ಮನೆ ಹೊರಗಿನಿಂದ ನೋಡಿದರೆ ಇಂಥಾ ನಂಬರು’ ಅಂತ ಇಬ್ಬರಿಗೂ ಹೇಳುತ್ತೆ. ಅಷ್ಟಕ್ಕೇ ದಾರಿ ಸಿಕ್ಕರೆ ಸರಿ. ಸಿಗದಿದ್ದರೆ ತಾನೇ ಮಧ್ಯೆ ನಿಂತು, ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ದಾಟಿಸುತ್ತೆ.”

“ಓ! ನಿಮ್ಮಮ್ಮ ಇದ್ದಾಗ ನಾನೂ ಅವರೂ ಮಾತಾಡ್ತಿದ್ವಲ್ಲ, ಮಧ್ಯೆ ನಿನ್ನ ನಿಲ್ಲಿಸ್ಕೊಂಡು, ಹಾಗೆ.”

“ಸರಿಯಾಗಿ ಹಿಡಿದೆ!”

“ಹಾಗಾದರೆ ಅರ್ಧ ಮಾತು ತಲುಪೋದಿಲ್ಲ ಬಿಡು.”

ಲೋಥಾರ್ ಎಲ್ಲೋ ದೂರದ ಊರಿನ ಒಂದು ಪುಟ್ಟ ಸರ್ವರನ್ನು ಬಾಡಿಗೆಗೆ ಹಿಡಿದ. ಎರಡು ದಿನ ಅಡುಗೆಮನೆಯ ಮೇಜೇ ಯುದ್ಧರಂಗ. ಮೊಣಕಾಲಿನ ಮೇಲೆ ಮಂಜುಗಡ್ಡೆಯ ಚೀಲ, ಮೊಣಕಾಲಿನ ಪಕ್ಕದ ಕುರ್ಚಿಯ ಮೇಲೆ ಕಂಪ್ಯೂಟರ್. ಒಳಬರುವವರಿಗೆ ಒಂದು ಹೆಸರು, ಒಂದು ಗುಟ್ಟಿನ ಪದ. ದನಿ ಹಾದುಹೋಗಲು ನಲವತ್ತೊಂಬತ್ತು ಸಾವಿರ ಚಿಲ್ಲರೆಯಿಂದ ಅರವತ್ತೈದು ಸಾವಿರ ಚಿಲ್ಲರೆಯವರೆಗಿನ ನಂಬರಿನ ಬಾಗಿಲುಗಳು, ಕಂಪ್ಯೂಟರಿನವರ ಮಾತಿನಲ್ಲಿ ಪೋರ್ಟುಗಳು.

“ಅಷ್ಟೊಂದು ಬಾಗಿಲು ಒರೆಸೋ ಸರದಿ ಯಾರದ್ದು?” ಎಂದರು ರೋಸ್ವಿತಾ, ಮೆಟ್ಟಿಲು ಗುಡಿಸುವ ಸರದಿ ಈ ವಾರ ತಮ್ಮದೆಂಬ ಫಲಕವನ್ನು ಬಾಗಿಲಿಗೆ ತೂಗುಹಾಕುತ್ತಾ.

“ರೋಸಿ, ತಾಂತ್ರಿಕ ವಿಷಯದಲ್ಲಿ ದಯವಿಟ್ಟು ಬಾಯಿ ಹಾಕಬೇಡ.”

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಪವಾಡ ನಡೆಯಿತು. ತೋಟದಲ್ಲಿ ಕಳೆ ಕೀಳುತ್ತಿದ್ದ ನಾನು ಎದ್ದುನಿಂತೆ. ಬಾಗಿಲು ಹಾಕಿದ್ದ ಗುಡಿಸಲಿನೊಳಗಿಂದ ಲೋಥಾರ್ ಮಾತಾಡುತ್ತಿದ್ದ. “ರೋಸಿ, ಕೇಳಿಸ್ತಿದೆಯಾ? ನಾನು ಅಡುಗೆಮನೆಯಲ್ಲಿದ್ದೀನಿ!” ಬಾವಿಯೊಳಗಿಂದ ಬಂದಂತಿದ್ದರೂ ಸ್ಪಷ್ಟವಾಗಿತ್ತು. ರೋಸ್ವಿತಾ ಅವರ ಕಣ್ಣಲ್ಲೂ ಒಂದಿಷ್ಟು ಹೆಮ್ಮೆ ಮಿನುಗಿತೆಂದು ನಾನು ಸಾಕ್ಷಿ ಹೇಳಬಲ್ಲೆ.

ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಗೆದ್ದ ಲೋಥಾರನಿಗೆ ಬಾಯಿ ಮುಚ್ಚಿ ಅಭ್ಯಾಸವಿಲ್ಲ. ಮಧ್ಯಾಹ್ನ ಒಂದು ಹತ್ತಕ್ಕೆ, ತೋಟವೆಲ್ಲ ಒರಗುಕುರ್ಚಿಗಳಲ್ಲಿ ಕಣ್ಣು ಮುಚ್ಚಿದ್ದಾಗ, ಹುಲ್ಲು ಕತ್ತರಿಸುವ ಯಂತ್ರವಿರಲಿ, ಕತ್ತರಿಯೂ ಸದ್ದು ಮಾಡದ ಆ ಪವಿತ್ರ ಗಳಿಗೆಯಲ್ಲಿ, ಗುಡಿಸಲು ಗುಡುಗಿತು.

“ರೋಸೀ! ಬೀನ್ಸಿಗೆ ನೀರು ಹಾಕಿದೆಯಾ? ಹೆರ್ ಪೆಂಡೋರ್ಫನ ಬೀನ್ಸ್ ಹಾಗೆ ನಮ್ಮದೂ ಸೊರಗೋದು ಬೇಡ!”

ಹೆರ್ ಪೆಂಡೋರ್ಫ್ ಎಂದರೆ ಸಂಘದ ಅಧ್ಯಕ್ಷರು. (ಇಲ್ಲಿ ಶ್ರೀಯುತರು ‘ಹೆರ್’, ಶ್ರೀಮತಿಯರು ‘ಫ್ರಾವ್’.) ಮೂರನೆಯ ಬೇಲಿಯಾಚೆ ಮಲಗಿದ್ದರು. ಐದೇ ನಿಮಿಷದಲ್ಲಿ ಷರಟಿನ ಗುಂಡಿ ಹಾಕಿಕೊಳ್ಳುತ್ತಾ ಬಂದು, ಲಿಖಿತ ಎಚ್ಚರಿಕೆಯನ್ನು ರೋಸ್ವಿತಾ ಅವರ ಕೈಗಿತ್ತರು. “ಫ್ರಾವ್ ಬ್ರೆಟ್‌ಶ್ನೈಡರ್, ನೀವೇ ಹೀಗೆ ಮಾಡಿದರೆ ಬೇರೆಯವರಿಗೆ ನಾನು ಏನು ಹೇಳಲಿ? ಇನ್ನೊಂದು ಸಲ ಆದರೆ ಸರ್ವಸದಸ್ಯರ ಸಭೆಗೆ ಹೋಗುತ್ತೆ.” ಹೋಗುವಾಗ ತಿರುಗಿ ನಿಂತು, “ನನ್ನ ಬೀನ್ಸ್ ಸೊರಗಿಲ್ಲ. ಅದರ ಜಾತಿಯೇ ಹಾಗೆ,” ಎಂದರು.

ವಿಶ್ರಾಂತಿಯ ವೇಳೆ ತೋಟದಲ್ಲಿ ಸದ್ದು ಕೂಡದೆಂಬ ನಿಯಮವನ್ನು ಫಲಕದ ಮೇಲೆ ಕೆಂಪಕ್ಷರದಲ್ಲಿ ಬರೆಸಿದವರೇ ರೋಸ್ವಿತಾ. ಆ ಹೊತ್ತಿಗೆ ಅವರ ಮುಖ ಆ ಅಕ್ಷರಗಳನ್ನೂ ಮೀರಿಸಿತ್ತು. ಮನೆಗೆ ಬಂದವರೇ ಸಂಘದ ನಿಯಮಾವಳಿಯನ್ನು ಗಂಡನ ಮುಂದೆ ಬಡಿದರು.

“ಏಳನೇ ಕಲಮು. ಓದು. ಅದರಲ್ಲಿ ಏನಿದೆಯೋ ಹಾಗೇ ಆಗಬೇಕು.”

“ಧ್ವನಿವರ್ಧಕದ ಸ್ವಿಚ್ಚು ಆರಿಸಿದರಾಯ್ತಲ್ಲ.”

“ಸ್ವಿಚ್ಚನ್ನ ನೀನು ಮರೀತೀಯ.”

ಅವನ ಅಭಿಮಾನ ಕೆರಳಿತು. “ಸರಿ. ಮನುಷ್ಯ ಮರೆಯಬಹುದು, ಸರ್ವರ್ ಮರೆಯೋದಿಲ್ಲ. ಅದಕ್ಕೇ ಹೇಳಿಬಿಡ್ತೀನಿ.”

ಹೇಳಿಯೂಬಿಟ್ಟ. ನಿಷಿದ್ಧ ವೇಳೆಯಲ್ಲಿ ಗುಡಿಸಲಿನ ಕಡೆಗೆ ಯಾವ ದನಿಯೂ ದಾಟಕೂಡದೆಂದು, ಏಳನೆಯ ಕಲಮನ್ನು ಅಲ್ಪವಿರಾಮವೂ ತಪ್ಪದಂತೆ ಸರ್ವರಿನ ಭಾಷೆಗೆ ಇಳಿಸಿದ. ಸರ್ವರಿನ ಗಡಿಯಾರ ಗ್ರೀನ್‌ವಿಚ್ ಸಮಯದಲ್ಲಿತ್ತು; ಅದನ್ನೂ ಲೈಪ್‌ಜಿಗ್ ಸಮಯಕ್ಕೆ ತಿದ್ದಿದ. ಕೆಲಸದಲ್ಲಿ ಅವನು ಅಷ್ಟು ಅಚ್ಚುಕಟ್ಟು. ಆಮೇಲೆ ನೋವಿನ ಮಾತ್ರೆ ನುಂಗಿ ನೆಮ್ಮದಿಯಾಗಿ ಮಲಗಿದ.

ಮರುದಿನ, ಎರಡನೆಯ ಭಾನುವಾರ. ಹತ್ತು ಗಂಟೆಗೆ ಲೋಥಾರ್ ತಲೆ ಬಾಚಿ, ಷರಟು ಹಾಕಿ (ಕೆಳಗೆ ಪೈಜಾಮವೇ), ಮೈಕಿನ ಮುಂದೆ ಕೂತ. ರೇಡಿಯೋದ ದನಿ ಅಡುಗೆಮನೆಯಲ್ಲಿ ಜೇನಿನಂತೆ ಹರಿಯಿತು.

“ಶುಭೋದಯ ಗೆಳೆಯರೇ! ಇದು ಲೋಥಾರ್, ನಾಲ್ಕನೆಯ ಮಹಡಿಯಿಂದ!” ಎಂದು ಅವನು ಘರ್ಜಿಸಿದ.

“ಲೋಥಾರ್ ಇವತ್ತೂ ಇಲ್ಲ,” ಎಂದಿತು ಹೇನೆಲ್‌ನ ದನಿ.

“ಇದ್ದೀನಿ!”

“ಪಾಪ, ಮೊಣಕಾಲು,” ಎಂದಿತು ಬಳಗದ ಇನ್ನೊಂದು ದನಿ.

“ಇದ್ದೀನಿ ಕಣಯ್ಯಾ!”

“ಪಾಪವೇ,” ಎಂದ ಹೇನೆಲ್. ಎಲ್ಲರ ಸರದಿಯೂ ಮುಗಿದ ಮೇಲೆ ಅವನೇ ಮತ್ತೆ ಮಾತೆತ್ತಿದ. “ಆದರೆ ಒಂದು ಗಮನಿಸಿದಿರಾ? ಗಂಟೆ ಇನ್ನೂ ಹತ್ತೂ ಇಪ್ಪತ್ತೈದು, ಎಲ್ಲರದ್ದೂ ಮಾತು ಮುಗಿದಿದೆ. ಮೊದಲೆಲ್ಲ ಇಷ್ಟು ಹೊತ್ತಿಗೆ ಅವನು ಇನ್ನೂ ಹವಾಮಾನದಲ್ಲೇ ಇರ್ತಿದ್ದ.”

ಏಳು ಊರುಗಳಿಂದ ಏಳು ಬಗೆಯ ಕೆಮ್ಮುನಗೆ ಕೇಳಿಬಂತು. ಕೊನೆಗೆ ತ್ಸ್ವಿಕಾವಿನ ಅನ್ಸೆಲ್ಮ್ ಅಜ್ಜ, ಎಂಬತ್ತೆಂಟರ ವೃದ್ಧ, ನಿಟ್ಟುಸಿರಿಟ್ಟು ಹೇಳಿದ: “ನನಗೆ ಮಾತ್ರ ಕಷ್ಟ ಆಯ್ತಪ್ಪ. ಲೋಥಾರ್ ಮಾತಾಡೋವಾಗ ನಾನು ಹೋಗಿ ಗಡ್ಡ ಬೋಳಿಸ್ಕೊಂಡು ಬರ್ತಿದ್ದೆ. ಇವತ್ತು ಗಡ್ಡ ಹಾಗೇ ಉಳೀತು.”

ಬದುಕಿರುವಾಗಲೇ ತನ್ನ ಶ್ರದ್ಧಾಂಜಲಿ ಸಭೆಯಲ್ಲಿ ಕುಳಿತವನ ಹಾಗೆ ಲೋಥಾರ್ ಕುಳಿತಿದ್ದ. ಅಂಥ ಸಭೆಗಳಲ್ಲಿ ಒಳ್ಳೆಯ ಮಾತಾದರೂ ಆಡುತ್ತಾರೆ.

“ನನಗೆ ಅವರು ಕೇಳಿಸ್ತಾರೆ, ಅವರಿಗೆ ನಾನು ಕೇಳಿಸಲ್ಲ!” ಎಂದು ಅವನು ಕೂಗಿದ.

ಆಲೂಗಡ್ಡೆ ಸಿಪ್ಪೆ ಸುಲಿಯುತ್ತಿದ್ದ ರೋಸ್ವಿತಾ, “ಲೋಥಾರ್, ನಿನ್ನೆ ನೀನು ಹಾಕಿದ ಆ ಕಲಮಿನಲ್ಲಿ...” ಎಂದು ಬಾಯಿ ತೆರೆದರು.

“ತಾಂತ್ರಿಕ ವಿಷಯ ರೋಸಿ! ದಯವಿಟ್ಟು!”

ರೋಸ್ವಿತಾ ಬಾಯಿ ಮುಚ್ಚಿದರು. ಮುಚ್ಚಿದ್ದನ್ನು ಲೋಥಾರ್ ಗಮನಿಸಲಿಲ್ಲ. ಗಮನಿಸಬೇಕಿತ್ತು.

ಆ ವಾರ ಅವನು ಪಟ್ಟ ಪಾಡು ದೇವರಿಗೇ ಪ್ರೀತಿ. ಸೋಮವಾರ ಹನ್ನೊಂದಕ್ಕೆ ಪರೀಕ್ಷಿಸಿದ: ದನಿ ಗಂಟೆ ಬಾರಿಸಿದ ಹಾಗೆ ಹೋಯಿತು. ಮಂಗಳವಾರವೂ ಹೋಯಿತು. ಪ್ರತಿ ದಿನ ರೋಸ್ವಿತಾ ಸೈಕಲ್ ತುಳಿದು ಗುಡಿಸಲಿಗೆ ಹೋಗಿ, “ಕೇಳಿಸ್ತಿದೆ, ಬೇಡ ಅನ್ನೋಷ್ಟು ಕೇಳಿಸ್ತಿದೆ,” ಎಂದು ವರದಿ ಒಪ್ಪಿಸಿ ಬರುತ್ತಿದ್ದರು. ಹಾಗಿದ್ದರೆ ಭಾನುವಾರ ಏನಾಗಿತ್ತು? ವಸತಿ ಸಂಘದವರು ರಜೆಯ ದಿನ ಗೋಡೆ ಎತ್ತರಿಸುತ್ತಾರೆಯೇ? ಹೇನೆಲ್ ಏನಾದರೂ ಕೈವಾಡ ನಡೆಸಿದನೇ? ಲೋಥಾರ್ ಬಾಗಿಲುಗಳ ಸಂಖ್ಯೆ ಬದಲಿಸಿದ, ಗುಟ್ಟಿನ ಪದ ಬದಲಿಸಿದ. ಸರ್ವರ್ ಬಾಡಿಗೆ ಕೊಟ್ಟ ಕಂಪನಿಗೆ ಆರು ಪುಟದ ದೂರು ಬರೆದ. ಅವರಿಂದ ಬಂದ ಉತ್ತರ ಒಂದೇ ಸಾಲು: ‘ಮಾನ್ಯರೇ, ತಮ್ಮ ಸರ್ವರ್ ತಾವು ಹೇಳಿದ್ದನ್ನೇ ಮಾಡುತ್ತಿದೆ.’

“ನೋಡಿದೆಯಾ ಸೊಕ್ಕು!” ಎಂದು ಅವನು ಆ ಕಾಗದವನ್ನು ಮುದುರಿ ಎಸೆದ. ರೋಸ್ವಿತಾ ಅದನ್ನು ಎತ್ತಿ, ಬಿಡಿಸಿ ಓದಿ, ಕಾಗದದ ಕಸದ ಡಬ್ಬಿಗೆ ಹಾಕಿದರು.

ಮೂರನೆಯ ಭಾನುವಾರ ಬಂತು. ಇಂದು ದನಿ ಹೋಗದಿದ್ದರೆ ಮೂವತ್ತೊಂದು ವರ್ಷ ಮಣ್ಣುಪಾಲು. ಒಂಬತ್ತೂಮುಕ್ಕಾಲಿಗೇ ರೋಸ್ವಿತಾ ಅವರನ್ನು ಗುಡಿಸಲಿಗೆ ಅಟ್ಟಿದ್ದ. “ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೂತಿರು. ಹಸಿರು ದೀಪ ನೋಡು. ಮೈಕು ಮಾತ್ರ ಮುಟ್ಟಬೇಡ, ನಿನಗೆ ಲೈಸೆನ್ಸ್ ಇಲ್ಲ.” ಹತ್ತಕ್ಕೆ ಐದು ನಿಮಿಷವಿರುವಾಗ ಅವಳಿಗೆ ಫೋನ್ ಮಾಡಿದ. (ಅವನ ಅವಸರದಲ್ಲಿ ನನಗೂ ಬಹುವಚನ ಜಾರಿತು; ಕ್ಷಮಿಸಬೇಕು.)

“ನನ್ನ ದನಿ ಬರ್ತಿದೆಯಾ?”

“ಫೋನಲ್ಲಿ ಬರ್ತಿದೆ. ಯಂತ್ರದಲ್ಲಿಲ್ಲ.”

“ಅಯ್ಯೋ ನನ್ನ ಕರ್ಮವೇ!”

“ಒಂದ್ ಕೆಲಸ ಮಾಡ್ತೀನಿ. ಈ ಫೋನನ್ನೇ ಮೈಕಿಗೆ ಹಿಡೀತೀನಿ, ನೀನು ಮಾತಾಡು. ಮುಗೀತಲ್ಲ?”

ಯೋಚಿಸಿ ನೋಡಿ. ಮುಗಿದೇ ಹೋಗುತ್ತಿತ್ತು. ಆದರೆ ನಲವತ್ತು ವರ್ಷ ಟೆಲಿಫೋನಿನ ಅನ್ನ ಉಂಡ ಮನುಷ್ಯ ಸಿಡಿದೆದ್ದ. “ಟೆಲಿಫೋನಿನ ದನಿಯಲ್ಲಿ ಬಳಗಕ್ಕೆ ಹಾಜರಿ ಹೇಳೋದೇ? ಹತ್ತು ದಿನ ಸರ್ವರ್ ಜೊತೆ ಗುದ್ದಾಡಿದ್ದು ಇದಕ್ಕಾ? ಹೇನೆಲ್ ನಗ್ತಾನೆ. ಇಡು ಫೋನು!”

ಇಟ್ಟರು.

ಹತ್ತು ಹೊಡೆಯಿತು. ಅಡುಗೆಮನೆಯಲ್ಲಿ ಹೇನೆಲ್‌ನ ದನಿ ಸ್ಪಷ್ಟವಾಗಿ, ಸಕ್ಕರೆ ಸವರಿಕೊಂಡು ಬಂತು. “ನಿಯಮದ ಪ್ರಕಾರ ಕರೀತೀನಿ. ಲೋಥಾರ್ ಬ್ರೆಟ್‌ಶ್ನೈಡರ್, ಒಂದನೇ ಸಲ.”

“ಇದ್ದೀನಿ!” ಲೋಥಾರ್ ಮೈಕನ್ನು ನುಂಗುವಷ್ಟು ಹತ್ತಿರ ಹೋದ.

“ಎರಡನೇ ಸಲ.”

“ಹೇನೆಲ್! ಲೋ ಹೇನೆಲ್!”

“ಮೂರನೇ ಸಲ...”

ಆಗ ಒಂದು ಚಟಕ್ ಸದ್ದಾಯಿತು. ಆಮೇಲೆ ಬಂದ ದನಿ ಲೋಥಾರನಿಗೆ ಐವತ್ತು ವರ್ಷದಿಂದ ಪರಿಚಯದ್ದು.

“ಶುಭೋದಯ. ನಾನು ರೋಸ್ವಿತಾ ಬ್ರೆಟ್‌ಶ್ನೈಡರ್. ಲೋಥಾರ್ ಬದುಕಿದ್ದಾನೆ, ಮೊಣಕಾಲು ಸರಿಯಾಗ್ತಿದೆ. ನೀವಾಡೋದೆಲ್ಲ ಅವನಿಗೆ ಮನೇಲಿ ಕೇಳಿಸುತ್ತೆ. ಹೋದ ವಾರ ಆಡಿದ್ದೂ ಕೇಳಿಸಿದೆ. ಅನ್ಸೆಲ್ಮ್ ಅವರೇ, ನೀವು ಹೋಗಿ ಗಡ್ಡ ಬೋಳಿಸ್ಕೊಳ್ಳಿ, ನಾವು ಕಾಯ್ತೀವಿ. ಇಲ್ಲಿ ಬಿಸಿಲು, ಇಪ್ಪತ್ತೆರಡು ಡಿಗ್ರಿ. ಅಷ್ಟೇ.”

ಮೊದಲು ಚೇತರಿಸಿಕೊಂಡವನು ಹೇನೆಲ್. “ಲೈಸೆನ್ಸ್ ಇಲ್ಲದೆ ಮಾತಾಡೋದು ಕಾನೂನುಬಾಹಿರ!”

ಲೋಥಾರನೂ ಅಡುಗೆಮನೆಯಲ್ಲಿ ಅದೇ ಮಾತನ್ನು ಅದೇ ಕ್ಷಣದಲ್ಲಿ ಕಿರುಚಿದ್ದನಂತೆ. ಇಪ್ಪತ್ತು ವರ್ಷದಲ್ಲಿ ಅವರಿಬ್ಬರಿಗೆ ಒಮ್ಮತವಾದದ್ದು ಅದೊಂದೇ ಸಲ.

“ಸುಮ್ನಿರೋ ವೋಲ್ಫ್ರಾಮ್,” ಎಂದ ಅನ್ಸೆಲ್ಮ್ ಅಜ್ಜ. “ಗಡಿಯಾರ ನೋಡಿದೆಯಾ? ಮೂವತ್ತು ಸೆಕೆಂಡು! ಹಾಜರಿ, ಆರೋಗ್ಯ, ಹವಾಮಾನ, ಎಲ್ಲಾ ಬಂತು. ಮೂವತ್ತೊಂದು ವರ್ಷದಲ್ಲಿ ಆ ಗುಡಿಸಲಿಂದ ಇಷ್ಟು ಚೊಕ್ಕವಾದ ಮಾತು ನಾನು ಕೇಳಿಲ್ಲ. ಅಮ್ಮಾ ರೋಸ್ವಿತಾ, ಪರೀಕ್ಷೆ ಕಟ್ಟಿ ಲೈಸೆನ್ಸ್ ತಗೊಳ್ಳಮ್ಮ. ಅಲ್ಲಿವರೆಗೆ ಮುಂದಾಳಿನ ಕುರ್ಚಿ ಖಾಲಿ ಇರಲಿ. ಯಾರದ್ದಾದರೂ ಅಡ್ಡಿ ಇದೆಯಾ?”

“ನನ್ನದಿದೆ!” ಎಂದು ಲೋಥಾರ್ ಊರುಗೋಲಿನಿಂದ ನೆಲ ಕುಟ್ಟಿ ಅಬ್ಬರಿಸಿದ. “ನನ್ನದಿದೆ! ನನ್ನದಿದೆ!”

ಅವನ ಅಡ್ಡಿ ತಲುಪಿದ್ದು ಒಬ್ಬರಿಗೆ ಮಾತ್ರ. ಮೂರನೆಯ ಮಹಡಿಯ ಹೆಂಗಸು ಪೊರಕೆಯ ಕೋಲಿನಿಂದ ಸೂರಿಗೆ ಮೂರು ಸಲ ಬಡಿದು, ಕಿಟಕಿಯಿಂದ ಕೂಗಿದಳು: “ಹೆರ್ ಬ್ರೆಟ್‌ಶ್ನೈಡರ್! ಇವತ್ತು ಭಾನುವಾರ! ಭಾನುವಾರ ಸದ್ದು ಮಾಡಬಾರದು ಅಂತ ಗೊತ್ತಿಲ್ವಾ?”

ಲೋಥಾರನ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. ಭಾನುವಾರ. ಸದ್ದು. ಸರ್ವರಿನ ಕಡತ ತೆರೆದ. ಐವತ್ತನಾಲ್ಕನೆಯ ಸಾಲು. ಅವನೇ ತನ್ನ ನೆನಪಿಗೆಂದು ಸ್ವಚ್ಛವಾಗಿ ಬರೆದಿಟ್ಟ ಟಿಪ್ಪಣಿ: ‘ಏಳನೆಯ ಕಲಮಿನಂತೆ: ಪ್ರತಿದಿನ ಮಧ್ಯಾಹ್ನ ಒಂದರಿಂದ ಮೂರು ಗಂಟೆ, ಭಾನುವಾರ ಮತ್ತು ಹಬ್ಬದ ದಿನ ಪೂರ್ತಿ.’

ವಸತಿ ಸಂಘದ ಗೋಡೆಯನ್ನು ದಾಟಿದ್ದ, ಮೊಬೈಲ್ ಕಂಪನಿಯ ಗೋಡೆಯನ್ನೂ ದಾಟಿದ್ದ. ಮೂರನೆಯ ಗೋಡೆಯನ್ನು ತಾನೇ ಕಟ್ಟಿ ಅದರ ಮುಂದೆ ನಿಂತು ಎರಡು ಭಾನುವಾರ ಬೊಬ್ಬೆ ಹೊಡೆದಿದ್ದ.

ಮಧ್ಯಾಹ್ನ ರೋಸ್ವಿತಾ ಮನೆಗೆ ಬಂದಾಗ ಅವನು ಇನ್ನೂ ಅದೇ ಕುರ್ಚಿಯಲ್ಲಿದ್ದ.

“ನಿನಗೆ ಗೊತ್ತಿತ್ತು,” ಎಂದ.

“ಹೋದ ಭಾನುವಾರವೇ ಗೊತ್ತಾಯ್ತು.”

“ಮತ್ತೆ ಹೇಳಲಿಲ್ಲ!”

“ಹೇಳೋಕೆ ಬಂದೆ. ನೀನು, ತಾಂತ್ರಿಕ ವಿಷಯದಲ್ಲಿ ಬಾಯಿ ಹಾಕಬೇಡ ಅಂದೆ. ಆ ವಾರ ಒಟ್ಟು ಒಂಬತ್ತು ಸಲ ಅಂದೆ, ಎಣಿಸಿದ್ದೀನಿ.” ಅವರು ಚೀಲದಿಂದ ಪ್ಲಮ್ ಕೇಕಿನ ತುಂಡೊಂದನ್ನು ತೆಗೆದು ಅವನ ಮುಂದಿಟ್ಟರು. “ಪೆಂಡೋರ್ಫ್ ಕಳಿಸಿದ್ದು. ಇವತ್ತು ತೋಟ ಎಷ್ಟು ಶಾಂತವಾಗಿತ್ತು ಅಂತ ಬಾಯ್ತುಂಬ ಹೊಗಳಿದರು. ತಿನ್ನು.”

ಇದೆಲ್ಲ ನಡೆದು ಎರಡು ವರ್ಷವಾಯಿತು. ರೋಸ್ವಿತಾ ಅವರು ಆ ಚಳಿಗಾಲವೇ ಪರೀಕ್ಷೆ ಬರೆದು, ಲೋಥಾರ್ ತನ್ನ ಕಾಲದಲ್ಲಿ ಪಡೆದದ್ದಕ್ಕಿಂತ ಹನ್ನೊಂದು ಅಂಕ ಹೆಚ್ಚು ಪಡೆದು, ಬಳಗದ ಮುಂದಾಳಾದರು. ಹೇನೆಲ್ ಈಗ ಅವರ ಅಪ್ಪಣೆಯಿಲ್ಲದೆ ಕೆಮ್ಮುವುದಿಲ್ಲ. ಲೋಥಾರನ ಮೊಣಕಾಲು ಸಂಪೂರ್ಣ ವಾಸಿಯಾಗಿದೆ. ಆದರೆ ಗುಡಿಸಲಿನಲ್ಲಿ ಮೈಕಿನ ಮುಂದೆ ಇರುವುದು ಒಂದೇ ಕುರ್ಚಿ, ಮತ್ತು ಭಾನುವಾರದ ಹುರಿದ ಮಾಂಸವನ್ನೂ ಆಲೂಗಡ್ಡೆಯ ಕಡುಬನ್ನೂ ನೋಡಿಕೊಳ್ಳಲು ಮನೆಯಲ್ಲಿ ಯಾರಾದರೂ ಇರಲೇಬೇಕಲ್ಲ.

ಹಾಗೆಂದು ಅವನನ್ನು ಪೂರ್ತಿ ಕೈಬಿಟ್ಟಿಲ್ಲ. ಮುಂದಾಳಿನ ಆದೇಶದಂತೆ ಅವನೇ ಐವತ್ತನಾಲ್ಕನೆಯ ಸಾಲಿಗೆ ಒಂದು ತಿದ್ದುಪಡಿ ಸೇರಿಸಿದ್ದಾನೆ. ಭಾನುವಾರ ಹತ್ತು ಇಪ್ಪತ್ತಕ್ಕೆ ಗೋಡೆಯ ಬಾಗಿಲು ತೆರೆಯುತ್ತದೆ, ಹತ್ತು ಇಪ್ಪತ್ತೆರಡಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ, ವಾಕ್ಯ ಮುಗಿದಿರಲಿ, ಬಿಡಲಿ. ಆ ಎರಡು ನಿಮಿಷಗಳಲ್ಲಿ ಲೋಥಾರ್ ಈಗ ಬಳಗಕ್ಕೆ ತನ್ನ ಶಸ್ತ್ರಚಿಕಿತ್ಸೆಯ ಕಥೆಯನ್ನು ಮೊದಲಿನಿಂದ, ಸಾಂಗವಾಗಿ ಹೇಳುತ್ತಿದ್ದಾನೆ. ಮೊನ್ನೆಯ ಭಾನುವಾರಕ್ಕೆ ಮೂವತ್ತೇಳನೆಯ ಕಂತು ಮುಗಿಯಿತು. ವೈದ್ಯರು ಇನ್ನೂ ಅರಿವಳಿಕೆ ಕೊಟ್ಟಿಲ್ಲ.